ಅಮಾವಾಸ್ಯೆ ಊಟ, ಎಸ್‌ಟಿಟಿ ಲೆಕ್ಕ

2024ರ ಅಕ್ಟೋಬರ್ 1, ಮಂಗಳವಾರ. ಡೊಂಬಿವಲಿಯ ಮನೆಯಲ್ಲಿ ಕೂತು ದಿನವಿಡೀ ನಿಫ್ಟಿ ಆಪ್ಷನ್ ಆಡಿದೆ, ಅಂದರೆ ಷೇರು ಸೂಚ್ಯಂಕ ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟುವ ಕರಾರುಗಳನ್ನು ಕೊಂಡು ಮಾರಿದೆ. ಮೂರೂವರೆಗೆ ಮಾರ್ಕೆಟ್ ಮುಚ್ಚಿದಾಗ ಸ್ಕ್ರೀನಿನಲ್ಲಿ ಹಸಿರು ಅಂಕಿ: 1,850 ರೂಪಾಯಿ.

ಮರುದಿನ ಗಾಂಧಿ ಜಯಂತಿ, ಮಾರ್ಕೆಟಿಗೆ ರಜೆ. ಮಹಾಲಯ ಅಮಾವಾಸ್ಯೆಯೂ ಅವತ್ತೇ. ಅಕ್ಕ, ಭಾವ ಊಟಕ್ಕೆ ಬಂದಿದ್ದರು. ಭಾವ ಮುಂಬಯಿಯ ಫೋರ್ಟ್‌ನಲ್ಲಿ ಲೆಕ್ಕ ಬರೆಯುವವರು. ಪಾಯಸ ಬಡಿಸುವಾಗ ನಾನು ಸುಮ್ನೆ ಇರದೆ ಹಿಂದಿನ ದಿನದ ಗಳಿಕೆ ಹೇಳಿಬಿಟ್ಟೆ.

"ಕಾಂಟ್ರಾಕ್ಟ್ ನೋಟ್ ನೋಡಿದ್ಯಾ ಮಾರಾಯ?" ಅಂದರು ಭಾವ.

ನೋಡಿರಲಿಲ್ಲ. ದಿನದ ವ್ಯವಹಾರ, ಕಡಿತ ಎಲ್ಲ ಬರೆದ ಬ್ರೋಕರ್ ಚೀಟಿ ಅದು. ರಾತ್ರಿಯೇ ಮೇಲ್‌ಗೆ ಬಂದು ಬಿದ್ದಿರುತ್ತದೆ, ತೆರೆಯುವವರು ಯಾರು?

ಕೈ ತೊಳೆದು ಬಂದ ಭಾವ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯತೊಡಗಿದರು. ನಂದು ಚಿಲ್ಲರೆ ವ್ಯಾಪಾರ. ಒಂದು ಸಲಕ್ಕೆ ಹತ್ತು ಲಾಟ್ (ಕಟ್ಟು), ಅಂದರೆ ಆಗಿನ ಲೆಕ್ಕಕ್ಕೆ 250 ಆಪ್ಷನ್. ಪ್ರೀಮಿಯಂ, ಅಂದರೆ ಒಂದರ ಬೆಲೆ, 120 ರೂಪಾಯಿಯ ಆಸುಪಾಸಿನಲ್ಲಿ ಇದ್ದಾಗ ತಗೊಂಡು, ಒಂದು ರೂಪಾಯಿ ಏರಿದ ಕೂಡಲೇ ಮಾರೋದು. ಹಾಗೆ 20 ಸಲ. ಮಾರಿದ್ದನ್ನೆಲ್ಲ ಕೂಡಿದರೆ ಹತ್ತಿರ ಹತ್ತಿರ ಆರು ಲಕ್ಷ. ಎಸ್‌ಟಿಟಿ, ಅಂದರೆ ಷೇರುಪೇಟೆ ವಹಿವಾಟಿನ ತೆರಿಗೆ, ಬೀಳೋದು ಆ ಆರು ಲಕ್ಷದ ಮೇಲೆ, ನನ್ನ 1,850ರ ಮೇಲಲ್ಲ. ಸೆಪ್ಟೆಂಬರ್ ಕೊನೆಯವರೆಗೆ ಅದು ಶೇ. 0.0625 ಇತ್ತು. ಜುಲೈ ಬಜೆಟ್‌ನಲ್ಲಿ ಹೇಳಿದ ಹಾಗೆ ಅಕ್ಟೋಬರ್ 1ರಿಂದ ಶೇ. 0.1 ಆಗಿತ್ತು. ನಾನು ಗಮನವನ್ನೇ ಕೊಟ್ಟಿರಲಿಲ್ಲ. 375 ಆಗಬೇಕಿದ್ದದ್ದು 600 ಆಗಿತ್ತು.

ಬ್ರೋಕರೇಜ್, ಕೊಂಡದ್ದು ಮಾರಿದ್ದು ಸೇರಿ 40 ಆರ್ಡರಿಗೆ ತಲಾ 20ರಂತೆ, 800. ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಶುಲ್ಕ ಲಕ್ಷಕ್ಕೆ 35 ರೂಪಾಯಿ 3 ಪೈಸೆ, ಕೊಳ್ಳುವಾಗಲೂ ಮಾರುವಾಗಲೂ, 420. ಇವೆರಡರ ಮೇಲೆ ಜಿಎಸ್‌ಟಿ 220. ಸ್ಟಾಂಪ್ ಡ್ಯೂಟಿ ಗೀಟಿ 19. ಒಟ್ಟು 2,059.

ಅಂದರೆ ಕೈಯಿಂದಲೇ 209 ಹೋಗಿತ್ತು. ಹಳೇ ಎಸ್‌ಟಿಟಿ ಇದ್ದಿದ್ದರೆ 16 ರೂಪಾಯಿ ಉಳಿಯುತ್ತಿತ್ತು. ಸ್ಟೇಷನ್ ಹೊರಗೆ ಒಂದು ಕಟಿಂಗ್ ಚಹಾಕ್ಕೆ ಸಾಕು.

ಹಾಗಂತ ಎಲ್ಲವನ್ನೂ ತೆರಿಗೆಯ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಬ್ರೋಕರೇಜ್ ಅದಕ್ಕಿಂತ ಜಾಸ್ತಿ. ಎನ್‌ಎಸ್‌ಇ ಶುಲ್ಕವಂತೂ ಅದೇ ದಿನದಿಂದ ಎಲ್ಲರಿಗೂ ಒಂದೇ ದರ ಆಗಿ, ನನ್ನಂಥವರಿಗೆ ಇಳಿದಿತ್ತು. ನನ್ನ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. 20ರಲ್ಲಿ ಆರು ಸಲ ನಷ್ಟಕ್ಕೇ ಮಾರಿದ್ದೆ. ಅದಕ್ಕೂ ಎಸ್‌ಟಿಟಿ ಕಟ್ಟಿದ್ದೆ!

"ಬಿಸಿನೆಸ್ ಖರ್ಚು ಅಂತ ರಿಟರ್ನ್‌ನಲ್ಲಿ ತೋರಿಸಬಹುದಲ್ವಾ ಭಾವ?"

"ಧಾರಾಳ ತೋರಿಸು. ಕಳೆಯೋಕೆ ಲಾಭ ಇರಬೇಕಲ್ಲ ಮಾರಾಯ?"

ಅಕ್ಕ ನಕ್ಕಳು. ನನ್ನ ಎಲೆಗೆ ಇನ್ನೊಂದು ವಡೆ ಬಡಿಸಿದ್ದಿದ್ದರೆ ಸ್ವಲ್ಪ ಸಮಾಧಾನ ಆಗುತ್ತಿತ್ತು, ಊಟ ಆಗಲೇ ಮುಗಿದಿತ್ತು.

3ನೇ ತಾರೀಖು ಗುರುವಾರ, ಎಕ್ಸ್‌ಪೈರಿ, ಅಂದರೆ ಆ ವಾರದ ಆಪ್ಷನ್‌ಗಳ ಅವಧಿ ಮುಗಿಯುವ ದಿನ. ನಿಫ್ಟಿ 500 ಅಂಶಕ್ಕೂ ಜಾಸ್ತಿ ಬಿತ್ತು. ಕೈ ತುರಿಸುತ್ತಿತ್ತು. ಎರಡೇ ಸಲ ತಗೊಂಡು ಮಾರಿದೆ. ಒಂದು ರೂಪಾಯಿಗೆ ಓಡಿಹೋಗದೆ, ಎಂಟು ರೂಪಾಯಿ ಏರುವ ತನಕ ಕಾದೆ. ಎರಡನೆಯದು ನಷ್ಟ. ರಾತ್ರಿ ನೋಟ್ ಬಂದ ಕೂಡಲೇ ಪ್ಯಾನ್ ನಂಬರ್ ಹಾಕಿ ತೆರೆದೆ. ಕೊನೇ ಸಾಲಿನಿಂದ ಮೇಲಕ್ಕೆ ಓದಿದೆ.