ಕ್ಯಾಸ್ಟರ್ ಮುಟ್ಟೋಕೆ ಮುಂಚೆ ಶಾಫ್ಟ್ ಬಿಚ್ಚಿ ನೋಡಿ

ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್) ಟೆಸ್ಟಲ್ಲಿ ಸೆಲ್ಫ್ ಸೆಂಟರಿಂಗ್ ಫೇಲ್ ಅಂತ ಬರೆಸ್ಕೊಂಡು ವಾಪಸ್ ಬಂದ ಗಾಡಿ ಅದು. ಇಲ್ಲಿ ಇಂಗ್ಲೆಂಡಲ್ಲಿ ಮನೇಲಿ ಕಟ್ಟಿದ ಕಾರು ರೋಡಿಗಿಳಿಬೇಕಂದ್ರೆ ಐವಿಎ ಪಾಸಾಗ್ಲೇಬೇಕು, 2009ಕ್ಕೆ ಮುಂಚೆ ಇದೇ ಎಸ್‌ವಿಎ ಅಂತಿತ್ತು. ನಾನು ಕೆಲಸ ಮಾಡೋದು ಮಿಡ್‌ಲ್ಯಾಂಡ್ಸ್ ಕಡೆ ಒಂದು ಸಣ್ಣ ವರ್ಕ್‌ಶಾಪಲ್ಲಿ. ಕಿಟ್ ತಗೊಂಡು ಗ್ಯಾರೇಜಲ್ಲಿ ಅರ್ಧ ಕಟ್ಟಿ, ಆಮೇಲೆ ಮಕ್ಕಳು ಮರಿ ಅಂತ ಟೈಮಿಲ್ದೆ ಕೈಬಿಟ್ಟೋರು ಇರ್ತಾರಲ್ಲ, ಅವರ ಗಾಡಿಗಳನ್ನ ನಾವು ಮುಗಿಸಿ ಕೊಡ್ತೀವಿ. ಇದೂ ಹಂಗೇ ಬಂದಿದ್ದು, ಲೋಟಸ್ ಸೆವೆನ್ ಥರದ್ದು, ಅಂದ್ರೆ ಸಣ್ಣ, ಹಗುರವಾದ ಓಪನ್ ಸ್ಪೋರ್ಟ್ಸ್ ಕಾರು. ಚಾಸಿ, ಸಸ್ಪೆನ್ಷನ್, ಸ್ಟೀರಿಂಗ್ ಎಲ್ಲಾ ಕಸ್ಟಮರೇ ಕೂರಿಸಿದ್ರು, ವೈರಿಂಗು ಬ್ರೇಕು ನಮ್ದು.

ಸೆಲ್ಫ್ ಸೆಂಟರಿಂಗ್ ಟೆಸ್ಟ್ ಕಷ್ಟದ್ದೇನಲ್ಲ. ನಿಧಾನಕ್ಕೆ ಸುತ್ತು ಹೊಡೀತಾ ಇರುವಾಗ ಸ್ಟೀರಿಂಗ್ ಬಿಟ್ರೆ ಅದು ತಾನಾಗೇ ನೇರದ ಕಡೆಗೆ ಬರ್ಬೇಕು, ಅಷ್ಟೆ. ಸೆವೆನ್ ಥರದ ಗಾಡಿ ಮುಂದೆ ತುಂಬಾ ಹಗುರ, ಹಂಗಾಗಿ ಇದರಲ್ಲಿ ಸಿಕ್ಕಾಕ್ಕೊಳ್ಳೋರು ಬಹಳ ಜನ, ಫೇಲ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು, ಕ್ಯಾಸ್ಟರ್. ಅಂದ್ರೆ ಮುಂದಿನ ಚಕ್ರ ಯಾವ ಅಕ್ಷದ ಮೇಲೆ ಎಡ ಬಲ ತಿರುಗುತ್ತೋ ಅದು ಹಿಂದಕ್ಕೆ ವಾಲಿರೋ ಕೋನ, ಅದು ಜಾಸ್ತಿ ಇದ್ದಷ್ಟೂ ಸ್ಟೀರಿಂಗ್ ನೇರಕ್ಕೆ ಬರೋ ಬಲ ಜಾಸ್ತಿ. ನಮ್ಮ ಫೋರ್‌ಮನ್ನೂ ಶೀಟ್ ನೋಡ್ದವನೇ "ಕ್ಯಾಸ್ಟರ್ ಕಮ್ಮಿ ಇದೆ, ಮೇಲಿನ ವಿಶ್‌ಬೋನ್ ಹಿಂದಕ್ಕೆ ತಳ್ಳು" ಅಂದ. ವಿಶ್‌ಬೋನ್ ಅಂದ್ರೆ ಚಕ್ರ ಹಿಡಿಯೋ ಸಸ್ಪೆನ್ಷನ್ ತೋಳು. ನನಗೂ ಸರಿ ಅನ್ನಿಸ್ತು. ಅಲೈನ್‌ಮೆಂಟ್ ರಿಗ್ ಮೇಲೆ 5 ಡಿಗ್ರಿ ಚಿಲ್ಲರೆ ತೋರಿಸ್ತಿತ್ತು, ಶಿಮ್ ಬದಲಾಯಿಸಿ 7ರ ಹತ್ತಿರ ತಂದೆ, ಟೋ, ಅಂದ್ರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋದು, ಸರಿ ಮಾಡ್ದೆ, ಟ್ರೇಡ್ ಪ್ಲೇಟ್ (ಗ್ಯಾರೇಜಿನವರ ತಾತ್ಕಾಲಿಕ ನಂಬರ್ ಪ್ಲೇಟ್) ಹಾಕ್ಕೊಂಡು ರೋಡಿಗಿಳಿದೆ.

ವರ್ಕ್‌ಶಾಪಿಂದ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ರೌಂಡಬೌಟ್ ಇದೆ, ಎರಡು ಲೇನಿಂದು. ಒಳಗಿನ ಲೇನಲ್ಲಿ ಬಲಕ್ಕೆ ಸುತ್ತಿ ಬಂದೆ, ಪಕ್ಕದ ಹೊರಗಿನ ಲೇನಲ್ಲಿ, ನನಗಿಂತ ಚೂರು ಹಿಂದೆ, ಒಂದು ಆರ್ಟಿಕ್, ಅಂದ್ರೆ ಉದ್ದನೆ ಟ್ರೇಲರ್ ಲಾರಿ. ನನ್ನ ಎಕ್ಸಿಟ್ ಬಂತು ಅಂತ ಹಿಡಿತ ಸಡಿಲ ಮಾಡ್ದೆ, ಅಷ್ಟು ಕ್ಯಾಸ್ಟರ್ ಕೊಟ್ಟಿದೀನಿ, ಸ್ಟೀರಿಂಗ್ ತಾನಾಗೇ ಬಿಚ್ಕೊಳ್ಳುತ್ತೆ ಅಂತ. ಕಾಲು ಸುತ್ತು ಬಂದು ನಿಂತೇಬಿಡ್ತು. ಗಾಡಿ ಇನ್ನೂ ಬಲಕ್ಕೇ ಎಳೀತಿದೆ, ನಡುವಿನ ದಿಬ್ಬದ ಕಡೆಗೆ. ಎರಡೂ ಕೈ ಹಾಕಿ ಎಡಕ್ಕೆ ಎಳೆದೆ, ಕಲ್ಲಿನ ಥರ ಗಟ್ಟಿ, ಇನ್ನೂ ಬಲ ಹಾಕ್ದೆ, ಆ ಗಟ್ಟಿ ಜಾಗ ದಾಟಿದ್ದೇ ತಡ ಒಂದೇ ಸಲಕ್ಕೆ ಹಗುರ ಆಗಿ ಗಾಡಿ ಎಡಕ್ಕೆ ಹಾರ್ತು. ಈ ಕಾರಲ್ಲಿ ಕೂತ್ರೆ ತಲೆ ಹೆಚ್ಚು ಕಮ್ಮಿ ಲಾರಿ ಚಕ್ರದ ಮಟ್ಟಕ್ಕಿರುತ್ತೆ, ಬಾಗಿಲೂ ಇಲ್ಲ. ಪುಣ್ಯಕ್ಕೆ ಲಾರಿಯವನು ನನ್ನ ಗಾಡಿ ತೊಯ್ದಾಡೋದನ್ನ ಮೊದಲೇ ನೋಡಿ ಬ್ರೇಕ್ ಒತ್ತಿದ್ದ. ಎಕ್ಸಿಟ್ ದಾಟಿ ರೋಡ್ ಪಕ್ಕದ ಲೇ-ಬೈನಲ್ಲಿ ನಿಲ್ಲಿಸಿದಾಗ ನನ್ನ ಕೈ ನಡುಗ್ತಿತ್ತು. ವಾಪಸ್ ಓಡಿಸ್ಲಿಲ್ಲ, ಫೋನ್ ಮಾಡಿ ಟ್ರೇಲರ್ ತರಿಸ್ದೆ.

ಅಲ್ಲಿ ಕಾಯ್ತಾ ಕೂತಾಗಲೇ ಒಂದು ವಿಷಯ ಹೊಳೀತು. ಕ್ಯಾಸ್ಟರ್ ಕಮ್ಮಿ ಇದ್ರೆ ಸ್ಟೀರಿಂಗ್ ಪೂರ್ತಿ ಸೋಮಾರಿ ಥರ ಇರ್ಬೇಕು, ಒಂದು ಜಾಗದಲ್ಲಿ ಗಟ್ಟಿ ಇನ್ನೊಂದು ಜಾಗದಲ್ಲಿ ಹಗುರ ಯಾಕಾಗುತ್ತೆ?

ಫೋರ್‌ಮನ್ ಮಾತ್ರ ಇನ್ನೂ ಕ್ಯಾಸ್ಟರ್ರೇ ಹಿಡ್ಕೊಂಡಿದ್ದ, ಯಜಮಾನ್ರಂತೂ "ಟೈರಿಗೆ ಜಾಸ್ತಿ ಗಾಳಿ ಹೊಡ್ದು ಟೋ ಔಟ್ ಕೊಟ್ಟು ಟೆಸ್ಟ್ ಪಾಸ್ ಮಾಡ್ಸು, ಆಮೇಲೆ ವಾಪಸ್ ಸೆಟ್ ಮಾಡಿದ್ರಾಯ್ತು" ಅಂದ್ರು. ಈ ಟ್ರಿಕ್ಕು ಇಲ್ಲಿ ಎಲ್ಲರಿಗೂ ಗೊತ್ತು, ಬಹಳ ಜನ ಮಾಡ್ತಾರೆ. ನನಗೆ ಅದು ತಪ್ಪು ಅನ್ಸುತ್ತೆ, ಅವತ್ತೂ ಹೇಳ್ದೆ, ಈಗಲೂ ಹೇಳ್ತೀನಿ. ಟೆಸ್ಟ್ ಇರೋದೇ ಗಾಡಿಯಲ್ಲಿ ಏನೋ ಐಬಿದೆ ಅಂತ ತೋರಿಸೋಕೆ, ಅದನ್ನ ಮುಚ್ಚಿಟ್ಟು ಕೀಲಿ ಕೈಗೆ ಕೊಟ್ರೆ ಆ ರೌಂಡಬೌಟಲ್ಲಿ ಮುಂದಿನ ಸಲ ಇರೋದು ಕಸ್ಟಮರ್ರು, ಪಕ್ಕದ ಸೀಟಲ್ಲಿ ಅವರ ಮಗಳು.

ಮುಂದಿನ ಚಕ್ರ ಎರಡೂ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎರಡೇ ಬೆರಳಲ್ಲಿ ನಿಧಾನಕ್ಕೆ ತಿರುಗಿಸ್ದೆ. ಗಟ್ಟಿ, ಹಗುರ, ಗಟ್ಟಿ, ಹಗುರ, ಒಂದು ಸುತ್ತಿಗೆ ಎರಡು ಸಲ. ಚಕ್ರಕ್ಕೆ ಕೊಂಡಿಯಾಗಿರೋ ಟ್ರ್ಯಾಕ್ ರಾಡ್ ಎಂಡ್ ಬಿಚ್ಚಿದ್ರೂ ಹಂಗೇ. ಸ್ಟೀರಿಂಗ್ ವೀಲಿಂದ ಕಾಲಮ್, ಅಲ್ಲಿಂದ ನಡುವಿನ ಶಾಫ್ಟ್, ಅದರ ಎರಡು ತುದಿಗೂ ಒಂದೊಂದು ಯುಜೆ (ಕೋನದಲ್ಲಿ ತಿರುಗೋ ಯೂನಿವರ್ಸಲ್ ಜಾಯಿಂಟ್), ಕೆಳಗೆ ಪಿನಿಯನ್ ಅನ್ನೋ ಹಲ್ಲುಗಾಲಿ, ಅದು ಓಡಿಸೋ ರ‍್ಯಾಕು ಚಕ್ರ ತಿರುಗಿಸುತ್ತೆ. ಕೆಳಗಿನ ಯುಜೆ ಪಿಂಚ್ ಬೋಲ್ಟ್ ತೆಗೆದು ರ‍್ಯಾಕ್ ಬೇರೆ ಮಾಡಿ ಪಿನಿಯನ್ ಕೈಯಲ್ಲಿ ತಿರುಗಿಸಿದ್ರೆ ಬೆಣ್ಣೆ. ಮೇಲಿನ ಯುಜೆ ಬಿಚ್ಚಿ ಕಾಲಮ್ ಒಂದನ್ನೇ ತಿರುಗಿಸ್ದೆ, ಅದೂ ಸಲೀಸು. ಉಳಿದಿದ್ದು ನಡುವಿನ ಶಾಫ್ಟ್ ಒಂದೇ. ಸಸ್ಪೆನ್ಷನ್‌ಗೂ ಇದಕ್ಕೂ ಯಾವ ಸಂಬಂಧನೂ ಇರ್ಲಿಲ್ಲ.

ಶಾಫ್ಟ್ ಬೆಂಚ್ ಮೇಲಿಟ್ಟ ತಕ್ಷಣ ಕಣ್ಣಿಗೆ ಹೊಡೀತು. ಶಾಫ್ಟಿನ ಎರಡು ತುದಿಯ ಯೋಕು, ಅಂದ್ರೆ ಕವಲು, ಒಂದಕ್ಕೊಂದು 90 ಡಿಗ್ರಿ ತಿರುಗಿ ಕೂತಿದ್ವು. ಒಂದೇ ನೇರಕ್ಕಿರ್ಬೇಕು ಅವು. ತುಮಕೂರಲ್ಲಿ ನಮ್ಮ ಮಾವನ ಲಾರಿ ಶೆಡ್ಡಲ್ಲಿ ಪ್ರೊಪೆಲ್ಲರ್ ಶಾಫ್ಟ್ ಇಳಿಸೋವಾಗ ಮೊದಲ ಕೆಲಸ ಉಳಿ ತಗೊಂಡು ಎರಡೂ ಕಡೆ ಏಟು ಹಾಕಿ ಗುರ್ತು ಮಾಡೋದು. "ಮಾರ್ಕ್ ಹಾಕ್ದೆ ಬಿಚ್ಬ್ಯಾಡ ಕಣ್ಲಾ, ಅಡ್ಡಾದಿಡ್ಡಿ ಕೂರ್ಸಿದ್ರೆ ಗಾಡಿ ನಡುಗ್ತದೆ" ಅಂತಿದ್ರು. ಆಮೇಲೆ ಡಿಪ್ಲೊಮಾದಲ್ಲಿ ಟಿಒಎಂ (ಥಿಯರಿ ಆಫ್ ಮಷೀನ್ಸ್) ಪೇಪರಿಗೆ ಹುಕ್ಸ್ ಜಾಯಿಂಟ್, ಅಂದ್ರೆ ಇದೇ ಯುಜೆ, ಫಾರ್ಮುಲಾ ಓದಿದಾಗ ಮಾವನ ಉಳಿ ಏಟಿನ ಕಾರಣ ಗೊತ್ತಾಯ್ತು.

ಲೆಕ್ಕ ಹೀಗೆ. ಒಂದು ಯುಜೆ ಕೋನದಲ್ಲಿ ತಿರುಗೋವಾಗ ಆಚೆ ತುದಿ ಈಚೆ ತುದಿಯ ಸಮಕ್ಕೆ ತಿರುಗಲ್ಲ, ಸುತ್ತಿಗೆ ಎರಡು ಸಲ ಮುಂದೋಡುತ್ತೆ, ಎರಡು ಸಲ ಹಿಂದೆ ಬೀಳುತ್ತೆ. ಕೋನ 30 ಡಿಗ್ರಿ ಇದ್ರೆ ವೇಗ 0.87ರಿಂದ 1.15ರವರೆಗೆ ಓಲಾಡುತ್ತೆ. ಎರಡನೇ ಯುಜೆ ಅಷ್ಟೇ ಕೋನದಲ್ಲಿ, ಸರಿಯಾದ ಫೇಸಲ್ಲಿ, ಅಂದ್ರೆ ಶಾಫ್ಟಿನ ಎರಡೂ ಕವಲು ಒಂದೇ ನೇರಕ್ಕೆ, ಇದ್ರೆ ಮೊದಲನೇದರ ಏರಿಳಿತ ಇದು ಪೂರ್ತಿ ಅಳಿಸಿಹಾಕುತ್ತೆ. 90 ಡಿಗ್ರಿ ತಪ್ಪಿದ್ರೆ ಅಳಿಸೋ ಬದಲು ದುಪ್ಪಟ್ಟು ಮಾಡುತ್ತೆ, ಅದೇ 30 ಡಿಗ್ರಿಗೆ 0.75ರಿಂದ 1.33. ಚಕ್ರ ನೆಲದ ಮೇಲಿದ್ದು ಟೈರ್ ಎಳೀತಾ ಇರುವಾಗ ಕೈಗೆ ಅದೇ ಗಟ್ಟಿ ಹಗುರ ಆಗಿ ಬರೋದು.

ನಮ್ಮ ಗಾಡಿ ಕೋನ ಅಳೆಯೋಕೆ ಹೋದ್ರೆ ಅಲ್ಲೂ ಒಂದು ಮೋಸ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಡ್ರೈವರ್ ಕಡೆಗೇ ಬರುತ್ತೆ, ಅದನ್ನ ತಪ್ಪಿಸೋಕೆ ಶಾಫ್ಟ್ ಕೆಳಕ್ಕೂ ಇಳಿದು ಪಕ್ಕಕ್ಕೂ ಸರಿದಿದೆ. ಮೇಲಿನ ಯುಜೆಗೆ ಪಕ್ಕದಿಂದ ಆಂಗಲ್ ಗೇಜ್ ಇಟ್ರೆ 20 ಡಿಗ್ರಿ, ಪರವಾಗಿಲ್ಲ ಅನ್ಸುತ್ತೆ. ಮೇಲಿಂದ ನೋಡಿದ್ರೆ ಇನ್ನೊಂದು 15 ಇದೆ. ಎರಡೂ ಸೇರಿ ನಿಜವಾದ ಕೋನ 24 ಚಿಲ್ಲರೆ, ಸುಮ್ನೆ ಕೂಡಿದ್ರೆ ಬರೋ 35 ಅಲ್ಲ, ಎರಡರ ಟ್ಯಾನ್ ತಗೊಂಡು ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೀಬೇಕು, ಬರೋದು ನಿಜವಾದ ಕೋನದ ಟ್ಯಾನ್. ಕೆಳಗಿನ ಯುಜೆ 26ರ ಹತ್ತಿರ ಬಂತು. ಎರಡೂ ಹೆಚ್ಚು ಕಮ್ಮಿ ಸಮ, ಅಂದ್ರೆ ಕಸ್ಟಮರ್ ರ‍್ಯಾಕು ಕಾಲಮ್ಮು ಕೂರಿಸಿದ್ದು ಚೆನ್ನಾಗೇ ಇತ್ತು, ಫೇಸ್ ಒಂದು ಸರಿ ಇದ್ದಿದ್ರೆ ಕೈಗೆ ಏನೂ ಗೊತ್ತಾಗ್ತಿರ್ಲಿಲ್ಲ.

ಅವರು ಎಲ್ಲಿ ಎಡವಿದ್ರು ಅಂತ ಕೂತು ಯೋಚಿಸ್ದೆ, ಯಾಕಂದ್ರೆ ಮನುಷ್ಯ ಬಹಳ ಅಚ್ಚುಕಟ್ಟು, ಪ್ರತಿ ಬೋಲ್ಟಿಗೂ ಪೇಂಟ್ ಗುರ್ತು ಹಾಕಿದ್ರು. ಶಾಫ್ಟಿನ ಮೇಲ್ತುದಿ ಡಬಲ್ ಡಿ, ಅಂದ್ರೆ ಎದುರುಬದುರು ಎರಡು ಕಡೆ ಚಪ್ಪಟೆ, ಅದನ್ನ 180 ಡಿಗ್ರಿ ಬಿಟ್ಟು ಬೇರೆ ಹೆಂಗೂ ಕೂರಿಸೋಕಾಗಲ್ಲ. ಕೆಳತುದಿ 36 ಹಲ್ಲಿನ ಸ್ಪ್ಲೈನ್, ಅಂದ್ರೆ ಸುತ್ತಲೂ ಉದ್ದುದ್ದ ಗೀರು ಹಲ್ಲು, ಒಂದು ಹಲ್ಲಿಗೆ 10 ಡಿಗ್ರಿ. ಸ್ಟೀರಿಂಗ್ ವೀಲ್ ನೇರ ಮಾಡೋಕೆ ಅಂತ ಅವರು ಶಾಫ್ಟಿನ ಈ ಸ್ಪ್ಲೈನ್ ತಿರುಗಿಸಿದಾರೆ. ವೀಲ್ ನೇರ ಮಾಡ್ಬೇಕಾಗಿದ್ದು ಕಾಲಮ್ ಮೇಲೆ ವೀಲ್ ಕೂರೋ ಬಾಸಲ್ಲಿ, ಇಲ್ಲಾಂದ್ರೆ ರ‍್ಯಾಕ್ ಪಿನಿಯನ್ ಸ್ಪ್ಲೈನಲ್ಲಿ, ನಡುವಿನ ಶಾಫ್ಟಲ್ಲಿ ಅಲ್ಲ. ಮ್ಯಾನ್ಯುಯಲ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇರ್ಲಿಲ್ಲ.

ಒಂಬತ್ತು ಹಲ್ಲು ಸರಿಸಿದ ಮೇಲೆ ಎರಡೂ ಕವಲು ನೇರಕ್ಕೆ ಬಂದ್ವು. ಇನ್ನೊಂದೂ ಸಿಕ್ತು. ಶಾಫ್ಟ್ ಕೆಲವು ಮಿಲಿಮೀಟರ್ ಉದ್ದ ಆಗಿ ಡಬಲ್ ಡಿ ತುದಿ ಯೋಕಿನ ಒಳಗಡೆ ಚಾಚಿ ಕ್ರಾಸಿಗೆ, ಅಂದ್ರೆ ಯುಜೆಯ ಎರಡು ಕವಲು ಜೋಡಿಸೋ ನಡುವಿನ ತುಂಡಿಗೆ, ಉಜ್ತಿತ್ತು, ಲೋಹ ಹೊಳೀತಿದ್ದ ಜಾಗ ಬ್ಯಾಟರಿ ಬಿಟ್ಟು ನೋಡಿದ್ರೆ ಸ್ಪಷ್ಟ. ಆ ಕಲ್ಲಿನಂಥ ಗಟ್ಟಿ ಬರೀ ಫೇಸಿಂದ ಬಂದಿದ್ದಲ್ಲ, ಇದೂ ಸೇರಿತ್ತು. ತುದಿ ಕುಯ್ದು, ಯೋಕಿನ ಒಳಮೈಗೆ ಸಮ ಮಾಡಿ, ಅಂಚು ಅರದಲ್ಲಿ ಉಜ್ಜಿ, ಗ್ರಬ್ ಸ್ಕ್ರೂ ಕೂರೋ ಗುಳಿ ಹೊಸದಾಗಿ ಡ್ರಿಲ್ ಮಾಡಿ, ಲಾಕ್‌ಟೈಟ್ 243 ಮತ್ತೆ ಲಾಕ್ ನಟ್, ಸ್ಪ್ಲೈನ್ ಕಡೆ ಹೊಸ ಪಿಂಚ್ ಬೋಲ್ಟು. ಕ್ಯಾಸ್ಟರ್ ಮೊದಲಿದ್ದ 5 ಚಿಲ್ಲರೆಗೇ ವಾಪಸ್ ಇಟ್ಟೆ. ಸ್ಟ್ಯಾಂಡ್ ಮೇಲೇ ಸ್ಟೀರಿಂಗ್ ಈ ಕೊನೆಯಿಂದ ಆ ಕೊನೆವರೆಗೂ ಒಂದು ಬೆರಳಲ್ಲಿ ಹೋಯ್ತು. ರೀಟೆಸ್ಟಲ್ಲಿ ಪಾಸ್ ಆಯ್ತು, ಟೈರಲ್ಲಿ ಮಾಮೂಲಿ ಗಾಳಿ, ಮಾಮೂಲಿ ಟೋ.

ನನ್ನ ಸಿಟ್ಟು ಕಸ್ಟಮರ್ ಮೇಲಲ್ಲ. ನಮ್ಮ ಯಜಮಾನ್ರು ಸಾವಿರಗಟ್ಟಲೆ ಪೌಂಡ್ ಕೊಟ್ಟು ಅಲೈನ್‌ಮೆಂಟ್ ರಿಗ್ ತಂದಿದಾರೆ, ಡಿಜಿಟಲ್ ಆಂಗಲ್ ಗೇಜ್ ನಾನು ನನ್ನ ದುಡ್ಡಲ್ಲಿ ತಗೊಂಡಿದ್ದು. ರಿಗ್ ಇದ್ರೆ ಎಲ್ಲಾ ರೋಗಕ್ಕೂ ರಿಗ್ಗೇ ಔಷಧಿ ಅನ್ನಿಸ್ಬಿಡುತ್ತೆ, ಅದಕ್ಕೆ ಕಾಣೋದು ಚಕ್ರದ ಕೋನ ಮಾತ್ರ, ಕಾಲಮ್ಮಿಂದ ರ‍್ಯಾಕಿಗೆ ಏನಾಗ್ತಿದೆ ಅಂತ ಅದಕ್ಕೆ ಗೊತ್ತಾಗಲ್ಲ. ಇನ್ನು ನಮ್ಮ ಬಿಲ್ಡ್ ಶೀಟು. ಗಾಡಿ ಒಳಗೆ ತಗೊಳ್ಳೋವಾಗ "ಸ್ಟೀರಿಂಗ್ ಶಾಫ್ಟ್ ಕೂರಿಸಿದೆ" ಅಂತ ಒಂದೇ ಸಾಲು, ಅದರ ಮುಂದೆ ಟಿಕ್. ಇದಕ್ಕೂ ಟಿಕ್ ಬಿದ್ದಿತ್ತು, ಕೂರಿಸಿದ್ದಂತೂ ನಿಜ ತಾನೇ.

ಆ ಸಾಲು ತೆಗೆದು ಬೇರೆ ಬರೆದು ಕೊಟ್ಟಿದೀನಿ: ಕವಲು ಒಂದೇ ನೇರಕ್ಕಿದೆಯಾ, ಎರಡೂ ಕೋನ ಎಷ್ಟೆಷ್ಟು (ಮೇಲಿಂದಲೂ ಪಕ್ಕದಿಂದಲೂ ಅಳೆದು), ಶಾಫ್ಟ್ ತುದಿ ಕ್ರಾಸಿಗೆ ತಾಗುತ್ತಾ, ಮ್ಯಾನಿಫೋಲ್ಡಿಗೆ ಎಷ್ಟು ಗ್ಯಾಪ್, ಚಕ್ರ ಎತ್ತಿ ಬೆರಳಲ್ಲಿ ತಿರುಗಿಸಿದ್ರೆ ಎಲ್ಲಾದ್ರೂ ಗಟ್ಟಿ ಇದೆಯಾ. ಫೋರ್‌ಮನ್ ಓದಿ ಸಹಿ ಹಾಕಿದಾನೆ, ಯಜಮಾನ್ರು ಒಂದು ಗಾಡಿಗೆ ಅರ್ಧ ಗಂಟೆ ಜಾಸ್ತಿ ಆಗುತ್ತೆ ಅಂತ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ. ಅಲ್ಲಿವರೆಗೂ ಬರೋ ಪ್ರತಿ ಗಾಡಿಗೂ ಕೈಯಲ್ಲೇ ಬರೆದು ಜಾಬ್ ಕಾರ್ಡಿಗೆ ಪಿನ್ ಮಾಡ್ತಿದೀನಿ.