ರೇಗನ್ಸ್‌ಬುರ್ಗ್‌ನ ಕಲ್ಲಿನ ಸೇತುವೆ

ಡ್ಯಾನ್ಯೂಬ್ ನದಿಯ ಪ್ರವಾಸಿ ಹಡಗಿನಿಂದ ಜರ್ಮನಿಯ ರೇಗನ್ಸ್‌ಬುರ್ಗ್‌ನಲ್ಲಿ ಇಳಿದ ಕೊಪ್ಪಳದ ನಮ್ಮ ಗುಂಪನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಕಲ್ಲಿನ ಸೇತುವೆ. 12ನೆಯ ಶತಮಾನದಲ್ಲಿ ಕಟ್ಟಿದ, ಮುನ್ನೂರು ಮೀಟರಿಗೂ ಉದ್ದನೆಯ ಅದರ ಮೇಲೆ ಈಗ ಕಾರುಗಳಿಗೆ ಪ್ರವೇಶವಿಲ್ಲದ ಕಾರಣ, ನಡುವೆ ನಿಂತು ಕಮಾನುಗಳ ಕೆಳಗೆ ಸುಳಿಸುತ್ತುವ ನೀರನ್ನು ನಿಶ್ಚಿಂತೆಯಿಂದ ನೋಡಬಹುದು. ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಂಬಗಳಷ್ಟೇ ಉಳಿದಿರುವುದನ್ನು ಬಾಲ್ಯದಿಂದಲೂ ಕಂಡ ನನಗೆ ತುಸು ಅಸೂಯೆಯೇ ಆಯಿತು. (1945ರಲ್ಲಿ ಜರ್ಮನ್ ಸೈನಿಕರೇ ರೇಗನ್ಸ್‌ಬುರ್ಗ್‌ ಸೇತುವೆಯ ಕೆಲವು ಕಮಾನುಗಳನ್ನು ಸ್ಫೋಟಿಸಿದ್ದರು, ಅವನ್ನು ಮತ್ತೆ ಕಟ್ಟಲಾಗಿದೆ.) ಊರಿನ ಮೇಲೆ ಎದ್ದು ಕಾಣುವ ಸೇಂಟ್ ಪೀಟರ್ ಕೆಥೀಡ್ರಲ್ ಮಧ್ಯಯುಗದ್ದಾದರೂ, ಅದರ ಜೋಡಿ ಶಿಖರಗಳು ಪೂರ್ಣಗೊಂಡದ್ದು 19ನೆಯ ಶತಮಾನದಲ್ಲಿ. ಸೇತುವೆಯ ಪಕ್ಕದ ಪುರಾತನ ಸಾಸೇಜ್ ಅಡುಗೆಮನೆಯಲ್ಲಿ ನಮ್ಮ ಸಸ್ಯಾಹಾರಿಗಳು ಬ್ರೆಡ್ಡು ಮತ್ತು ಹುಳಿ ಎಲೆಕೋಸಿಗೇ ತೃಪ್ತರಾದರು.