ಶ್ಪಾರ್ಗೆಲ್ ಊಟಕ್ಕೆ ಸಿಲ್ವಾನರ್

ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಬಿಳಿ ಆಸ್ಪರಾಗಸ್ ಎಂಬ ಎಳೆ ಕಾಂಡದ ತರಕಾರಿ ಇದ್ದೇ ಇರುತ್ತದೆ. ಶ್ಪಾರ್ಗೆಲ್ ಅಂತಾರೆ ಇಲ್ಲಿ. ಜೂನ್ 24ಕ್ಕೆ ಕೊಯ್ಲು ಬಂದ್. ಆಮೇಲೂ ಕಿತ್ತರೆ ಗಿಡ ಸೊರಗುತ್ತದೆ. ಹಾಗಾಗಿ ಅಷ್ಟು ದಿನ ಎಲ್ಲರಿಗೂ ಅದೇ ಗುಂಗು. ನಮ್ಮೂರಲ್ಲಿ ಮಳೆಗಾಲದ ಕಣಿಲೆಗೆ ಕಾಯುತ್ತೇವಲ್ಲ, ಹಾಗೆ.

ಹೋದ ವರ್ಷ ವ್ಯುರ್ಟ್ಸ್‌ಬುರ್ಗ್‌ನ ಸಹೋದ್ಯೋಗಿಯೊಬ್ಬ ಮನೆಗೆ ಕರೆದಿದ್ದ. ಅಡುಗೆ ಅವನ ಅಮ್ಮನದು. ಒಳಗೆ ಹೋದ ಕೂಡಲೇ ನನ್ನ ಕೈಗೂ ಒಂದು ಪೀಲರ್ ಬಂತು. ಮಣ್ಣಿನ ದಿಬ್ಬದೊಳಗೆ ಬೆಳಕು ಕಾಣದೆ ಬೆಳೆಯುವುದಕ್ಕೇ ಇದು ಬಿಳಿ. ಸಿಪ್ಪೆ ಮಾತ್ರ ಬರೀ ನಾರು. ತುದಿಯ ಮೊಗ್ಗು ಬಿಟ್ಟು ಅಲ್ಲಿಂದ ಬುಡದವರೆಗೆ ಸುಲಿಯಬೇಕು. ನಾನು ಸುಲಿದದ್ದನ್ನು ಅಮ್ಮ ಕಿಟಕಿ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮತ್ತೊಮ್ಮೆ ಪೀಲರ್ ಆಡಿಸಿದರು. ಸಿಪ್ಪೆಯನ್ನೂ ಎಸೆಯಲಿಲ್ಲ. ಅದನ್ನೇ ಕುದಿಸಿ ಸೋಸಿ, ಉಪ್ಪು, ಚಿಟಿಕೆ ಸಕ್ಕರೆ, ಒಂದು ತುಂಡು ಬೆಣ್ಣೆ ಹಾಕಿ, ಆ ನೀರಲ್ಲೇ ಶ್ಪಾರ್ಗೆಲ್ ಬೇಯಿಸಿದರು.

ಜೊತೆಗೆ ಬೆಂದ ಆಲೂಗಡ್ಡೆ, ತೆಳ್ಳಗಿನ ಹ್ಯಾಮ್, ಮೊಟ್ಟೆಯ ಹಳದಿ ಮತ್ತು ಬೆಣ್ಣೆಯ ಹಾಲಂಡೇಸ್ ಸಾಸ್. ವೈನ್ ಬಂದದ್ದು ಚಪ್ಪಟೆ ಹೊಟ್ಟೆಯ ಬಾಕ್ಸ್‌ಬಾಯ್ಟಲ್ ಬಾಟಲಿಯಲ್ಲಿ. ಈ ಫ್ರಾಂಕನ್ ಸೀಮೆಯ ಗುರುತೇ ಅದು. ಒಳಗಿದ್ದದ್ದು ಸಿಲ್ವಾನರ್ ದ್ರಾಕ್ಷಿಯ ಬಿಳಿ ವೈನ್, ಲೇಬಲ್ ಮೇಲೆ ‘ಟ್ರೋಕನ್’ ಅಂತ ಬರೆದಿತ್ತು. ಅಂದರೆ ಸಿಹಿ ಇಲ್ಲದ್ದು. ಲೀಟರಿಗೆ 4 ಗ್ರಾಂ ಒಳಗೆ ಸಕ್ಕರೆ. ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಬಿಡುತ್ತಾರೆ.

“ರೀಸ್ಲಿಂಗ್ ಯಾಕಿಲ್ಲ?” ಅಂದೆ. ಜರ್ಮನ್ ವೈನ್ ಅಂದರೆ ರೀಸ್ಲಿಂಗ್ ಅಂತಲೇ ಎಲ್ಲರ ಲೆಕ್ಕ ಅಲ್ವಾ?

“ಅದರ ಹುಳಿ ಜೋರು. ಶ್ಪಾರ್ಗೆಲ್‌ಗೆ ಬಾಯಿ ಬಿಡೋಕೇ ಬಿಡಲ್ಲ” ಅಂದ ಗೆಳೆಯ. ಅವನ ಮಾತಲ್ಲಿ ಊರ ಅಭಿಮಾನವೂ ಇತ್ತು ಅನ್ನಿ. ಪಕ್ಕದ ಕಾಸ್ಟೆಲ್ ಊರಲ್ಲಿ ಸಿಲ್ವಾನರ್ ಬಳ್ಳಿ ನೆಟ್ಟದ್ದು 1659ರಲ್ಲಂತೆ. ಆದರೂ ಅವನು ಹೇಳಿದ್ದು ನಿಜ. ಶ್ಪಾರ್ಗೆಲ್‌ನ ಸಣ್ಣ ಕಹಿ ಎಷ್ಟೋ ವೈನಿನ ರುಚಿ ಕೆಡಿಸುತ್ತದೆ, ಕೆಂಪು ವೈನಂತೂ ಕಬ್ಬಿಣ ನೆಕ್ಕಿದಂತಾಗುತ್ತದೆ. ಸಿಲ್ವಾನರ್‌ನಲ್ಲಿ ಹುಳಿ ಹದವಾಗಿದೆ, ಹಣ್ಣಿನ ಘಮ ಕಡಿಮೆ, ಒಣಹುಲ್ಲಿನ ವಾಸನೆ ಸ್ವಲ್ಪ. ಸಾಸಿನ ಜಿಡ್ಡು ನಾಲಿಗೆಗೆ ಅಂಟಿಕೊಂಡಾಗ ಒಂದು ಗುಟುಕು ಸಾಕು, ಮುಂದಿನ ತುತ್ತಿಗೆ ಬಾಯಿ ತಯಾರು.

ಸಂಜೆ ಮೈನ್ ನದಿಯ ಹಳೇ ಸೇತುವೆಗೆ ಹೋದೆವು. ಗ್ಲಾಸಿಗೆ ಡಿಪಾಸಿಟ್ ಕೊಟ್ಟು, ವೈನ್ ಹಿಡಿದು ಜನ ಸೇತುವೆ ಮೇಲೇ ನಿಂತಿರುತ್ತಾರೆ. ಹತ್ತಿರದ ಹೋಟೆಲಿನಲ್ಲಿ ಮೇಫಿಷ್ಲಿ ತಿಂದೆವು. ಪುಟ್ಟ ಹೊಳೆಮೀನು, ಹಿಟ್ಟಲ್ಲಿ ಹೊರಳಿಸಿ ಕರಿದದ್ದು. ತಲೆ, ಬಾಲ, ಮುಳ್ಳು ಎಲ್ಲ ಸೇರಿಸಿ ಅಗಿಯೋದೇ. ಸೇತುವೆ ಮೇಲಿನ ಸಂತ ಕಿಲಿಯನ್ ಪ್ರತಿಮೆಯ ಕಿರುಬೆರಳಿಗಿಂತ ಮೀನು ಉದ್ದ ಇರಬಾರದಂತೆ. ನನ್ನ ಕೇಳಿದರೆ ಸಿಲ್ವಾನರ್‌ಗೆ ಶ್ಪಾರ್ಗೆಲ್‌ಗಿಂತ ಇದೇ ಒಳ್ಳೆ ಜೋಡಿ. ಉಪ್ಪು, ಗರಿಗರಿ, ನಿಂಬೆ. ಕರಾವಳಿಯವನಿಗೆ ಇನ್ನೇನು ಬೇಕು?

ಒಂದು ಬಾಟಲಿ ಮನೆಗೂ ತಂದೆ. ಬೂತಾಯಿಗೆ ಬರೀ ಉಪ್ಪು, ಅರಿಶಿನ, ನಿಂಬೆ ಹಚ್ಚಿ ರವೆಯಲ್ಲಿ ಹುರಿದೆವು. ಚೆನ್ನಾಗಿ ಹೊಂದಿತು. ಮಾರನೇ ದಿನ ಉಳಿದ ವೈನನ್ನು ಮೀನು ಗಸಿ ಜೊತೆ ಕುಡಿದು ನೋಡಿದರೆ ಕಥೆಯೇ ಬೇರೆ. ಮೆಣಸಿನ ಉರಿ ವೈನಿನಿಂದ ಇನ್ನೂ ಏರಿತು. ಹುಣಸೆಹುಳಿಯ ಮುಂದೆ ವೈನ್ ನೀರಾಯಿತು. “ಸುಮ್ನೆ ಯಾಕೆ ಎರಡನ್ನೂ ಹಾಳು ಮಾಡ್ತೀರಿ?” ಅಂತ ಹೆಂಡತಿ ಗ್ಲಾಸು ಎತ್ತಿಟ್ಟಳು. ಖಾರದ ಊಟಕ್ಕೆ ತುಸು ಸಿಹಿ ಉಳಿಸಿದ ರೀಸ್ಲಿಂಗ್ ವಾಸಿ. ಅಂಥ ಎಷ್ಟೋ ಬಾಟಲಿ ಮೇಲೆ ‘ಫೈನ್‌ಹೆರ್ಬ್’ ಅಂತ ಬರೆದಿರುತ್ತದೆ. ಗಸಿ ಮಾಡಿದ ದಿನ ಈಗ ಅದನ್ನೇ ತರುತ್ತೇನೆ.